ಬಟ್ಟೆ ಒಗೆಯುವುದಕ್ಕೂ ಒಂದು ಜಾಗ ಬೇಡವೇ?



ಕೊಟ್ಟಿಗೆ ಕಟ್ಟುವಾಗ ಎಷ್ಟೆಲ್ಲ ಲೆಕ್ಕ ಹಾಕುತ್ತೇವೆ! ಗೋದಲಿ ಎಷ್ಟೆತ್ತರ ಇರಬೇಕು, ಗಂಜಲ ಯಾವ ಕಡೆಗೆ ಹರಿಯಬೇಕು, ಗಾಳಿ ಎಲ್ಲಿಂದ ಬರಬೇಕು ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಬಟ್ಟೆ ಒಗೆಯುವ ಜಾಗಕ್ಕೆ ಮಾತ್ರ ಯಾವ ಲೆಕ್ಕವೂ ಇಲ್ಲ. ಬಾವಿಕಟ್ಟೆಯ ಹತ್ತಿರ ಒಂದು ಕಲ್ಲು, ಮೇಲೆ ಹಳೆಯ ಪ್ಲಾಸ್ಟಿಕ್ ಹೊದಿಕೆ, ಅಷ್ಟಕ್ಕೆ ಮುಗಿಯಿತು. ಕಾರ್ಗಲ್, ಹೊಸನಗರ, ತೀರ್ಥಹಳ್ಳಿ ಕಡೆಯ ಮಳೆಗಾಲದಲ್ಲಿ ಆ ಕಲ್ಲಿನ ಮುಂದೆ ಬಗ್ಗಿ ನಿಲ್ಲುವವರು ನೀವೇ. ಸೊಂಟ ನೋವೂ ನಿಮ್ಮದೇ.

ಇದು ಬರೀ ಅನುಕೂಲದ ಮಾತಲ್ಲ. ನಮ್ಮ ಮನೆಯ ಆರೋಗ್ಯ, ಹಾಲಿನ ಗುಣಮಟ್ಟ ಎರಡೂ ಈ ಜಾಗಕ್ಕೆ ಅಂಟಿಕೊಂಡಿವೆ.

ಮೊದಲು ಮೂರು ಬುಟ್ಟಿ

ಗೋಡೆ ಕಟ್ಟುವ ಮೊದಲು ಬಟ್ಟೆ ಬೇರ್ಪಡಿಸಿ. ಮನೆಬಟ್ಟೆಗೆ ಒಂದು ಬುಟ್ಟಿ, ಕೊಟ್ಟಿಗೆ ಬಟ್ಟೆಗೆ ಒಂದು, ಕಾಡಿಗೆ ಹೋಗಿ ಬಂದ ಬಟ್ಟೆಗೆ ಮುಚ್ಚಳವಿರುವ ಒಂದು ಬಕೆಟ್.

ಮೂರನೆಯದು ಯಾಕೆ ಎಂದು ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ, 2018-19ರಲ್ಲಿ ಕಾರ್ಗಲ್ ಪಕ್ಕದ ಅರಳಗೋಡಿನಲ್ಲಿ ಹಲವರ ಪ್ರಾಣ ತೆಗೆಯಿತು. ಈ ಕಾಯಿಲೆ ಹರಡುವುದು ಉಣುಗಿನಿಂದ. ಸೊಪ್ಪಿಗೆ, ತರಗೆಲೆಗೆ, ಸೌದೆಗೆ ಹೋದವರ ಸೀರೆಯ ನೆರಿಗೆಯಲ್ಲಿ, ಮೇಯಲು ಹೋದ ದನದ ಮೈಮೇಲೆ ಅದು ಮನೆಗೆ ಬರುತ್ತದೆ. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಮೇ ತನಕ ಹೆಚ್ಚು ಎಚ್ಚರ ಬೇಕು. ಎಳೆಯ ಉಣುಗು ಎಳ್ಳಿನ ಕಾಳಿಗಿಂತ ಚಿಕ್ಕದಿರುತ್ತದೆ, ಕಣ್ಣಿಗೆ ಬೀಳುವುದು ಕಷ್ಟ. ತಣ್ಣೀರಿನಲ್ಲಿ ಒಗೆದರೆ ಸಾಯುವುದಿಲ್ಲ. ಆದ್ದರಿಂದ ಕಾಡಿನ ಬಟ್ಟೆ ಒಳಗೆ ಬರಬಾರದು. ಹೊರಗೇ ಬಿಚ್ಚಿ, ಕೈ ಇಡಲಾಗದಷ್ಟು ಬಿಸಿ ನೀರು ಹೊಯ್ದು, ಸೋಪು ಹಾಕಿ ನೆನೆಸಿ. ನೀವೂ ಬಿಸಿ ನೀರಿನ ಸ್ನಾನ ಮಾಡಿಯೇ ಅಡುಗೆಮನೆಗೆ ಹೋಗಿ. ಆಮೇಲೆ ಜ್ವರ ಬಂದರೆ ತಡ ಮಾಡದೆ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋಗಿದ್ದನ್ನು ತಪ್ಪದೆ ಹೇಳಿ.

ಹಸು ಕಂದು ಹಾಕಿದಾಗ ಅಥವಾ ಕಸ ಬೀಳದಿದ್ದಾಗ ಉಟ್ಟ ಬಟ್ಟೆಯನ್ನೂ ಬೇರೆಯಾಗಿಯೇ ಕುದಿಸಿ. ಕಲೆ ಉಳಿದರೆ ಉಳಿಯಲಿ. ಬ್ರುಸೆಲ್ಲೋಸಿಸ್ ಹಸುವಿನಿಂದ ಮನುಷ್ಯರಿಗೂ ಬರುವ ರೋಗ.

ಕೆಚ್ಚಲು ಒರೆಸುವ ಬಟ್ಟೆ ಒಂದು ಹಸುವಿಗೆ ಒಂದು ಇರಲಿ. ಒಂದೇ ಒದ್ದೆ ಬಟ್ಟೆಯಲ್ಲಿ ಎಲ್ಲ ಹಸುಗಳನ್ನು ಒರೆಸಿದರೆ ಕೆಚ್ಚಲು ಬಾವನ್ನು ನಾವೇ ಹಂಚಿದಂತೆ. ಹಾಲು ಸೋಸುವ ಬಟ್ಟೆಯನ್ನು ಮೊದಲು ತಣ್ಣೀರಿನಲ್ಲಿ ಜಾಲಿಸಿ, ನಂತರ ಬಿಸಿ ನೀರಿಗೆ ಹಾಕಿ. ಮೊದಲೇ ಬಿಸಿ ನೀರಿಗೆ ಹಾಕಿದರೆ ಹಾಲಿನ ಅಂಶ ನೂಲಿಗೆ ಕಚ್ಚಿಕೊಳ್ಳುತ್ತದೆ. ಸೋಪಿನ ಪುಡಿ ಅಳೆಯುವ ಲೋಟ, ಬಟ್ಟೆ ನೆನೆಸುವ ಬಕೆಟ್ ಹಾಲಿನ ಪಾತ್ರೆಗಳ ಹತ್ತಿರಕ್ಕೂ ಬರಬಾರದು.

ಜಾಗ ಎಲ್ಲಿ?

ಕೊಟ್ಟಿಗೆಗೂ ಬಚ್ಚಲಿಗೂ ನಡುವಿನ ಜಾಗ ಒಳ್ಳೆಯದು. ಕೊಟ್ಟಿಗೆಯಿಂದ ಬಂದು ಬಟ್ಟೆ ಬಿಚ್ಚಿ, ಸ್ನಾನ ಮುಗಿಸಿ, ಒಳಗೆ ಹೋಗುವ ದಾರಿ ಹಾಗೆಯೇ ಇರಲಿ. ಹಂಡೆಯ ಬಿಸಿ ನೀರೂ ಕೈಗೆ ಸಿಗುತ್ತದೆ. ಆರು ಅಡಿ ಅಗಲ, ಎಂಟು ಅಡಿ ಉದ್ದ ಸಾಕು. ಒಗೆಯುವ ಕಲ್ಲನ್ನು ಎರಡೂವರೆ ಅಡಿ ಎತ್ತರಕ್ಕೆ ಕಟ್ಟಿಸಿ, ನಿಂತು ಒಗೆಯಬಹುದು. ಅಳತೆ ಮೇಸ್ತ್ರಿಯದಲ್ಲ, ನಿಮ್ಮ ಸೊಂಟದ್ದು. ನೆಲಕ್ಕೆ ನುಣುಪು ಟೈಲ್ಸ್ ಬೇಡ, ಒರಟು ಸಿಮೆಂಟ್ ಇರಲಿ. ನಾಲ್ಕು ಅಡಿಗೆ ಒಂದು ಇಂಚಿನಂತೆ ಇಳಿಜಾರು ಕೊಡಿಸಿ.

ನೀರು ಎಲ್ಲಿಗೆ?

ಸೋಪಿನ ನೀರು ಗೋಬರ್ ಗ್ಯಾಸ್ ಗುಂಡಿಗೆ ಹೋಗಬಾರದು. ಸಗಣಿಯನ್ನು ಗ್ಯಾಸ್ ಮಾಡುವ ಸೂಕ್ಷ್ಮಜೀವಿಗಳಿಗೆ ಅದು ವಿಷ, ಒಲೆ ಉರಿಯುವುದು ಕಡಿಮೆಯಾಗುತ್ತದೆ. ಬಾವಿಯಿಂದ ಕನಿಷ್ಠ 50 ಅಡಿ ದೂರದಲ್ಲಿ, ಬಾವಿಗಿಂತ ತಗ್ಗಿನಲ್ಲಿ, ಜಲ್ಲಿ ಮರಳು ತುಂಬಿದ ಇಂಗುಗುಂಡಿ ಮಾಡಿ. ಅದರ ಸುತ್ತ ಬಾಳೆ, ಕೆಸು ನೆಟ್ಟರೆ ನೀರು ವ್ಯರ್ಥವಾಗುವುದಿಲ್ಲ.

ಮಳೆಗಾಲದ ಚಿಂತೆ

ಒಗೆಯುವುದಕ್ಕಿಂತ ಒಣಗಿಸುವುದೇ ನಮ್ಮಲ್ಲಿ ದೊಡ್ಡ ಕೆಲಸ. ಮಾಡಿನಲ್ಲಿ ಒಂದೆರಡು ಬೆಳಕು ಬರುವ ಪಾರದರ್ಶಕ ಶೀಟು ಹಾಕಿಸಿ. ಗೋಡೆಯನ್ನು ಪೂರ್ತಿ ಏರಿಸದೆ, ಮೇಲೆ ಗಾಳಿಯಾಡಲು ಜಾಲರಿ ಬಿಡಿ. ಬಿದಿರ ಗಳಗಳನ್ನು ಒಂದು ಗೇಣು ಅಂತರ ಬಿಟ್ಟು ಕಟ್ಟಿ, ಒತ್ತೊತ್ತಾಗಿ ಹರವಬೇಡಿ. ಬಚ್ಚಲ ಒಲೆಯ ಶಾಖ ಸಿಗುವಂತಿರಲಿ, ಆದರೆ ಬೆಂಕಿಯಿಂದ ದೂರವಿರಲಿ. ಅರೆ ಒಣಗಿದ ಬಟ್ಟೆ ತೊಟ್ಟರೆ ಹುಳುಕಡ್ಡಿ ಖಂಡಿತ.

ಇನ್ನೊಂದು ಮಾತು. ಮುಟ್ಟಿನ ಬಟ್ಟೆಯನ್ನು ಸೀರೆಯ ಅಡಿಯಲ್ಲೋ ಕತ್ತಲೆ ಮೂಲೆಯಲ್ಲೋ ಬಚ್ಚಿಡಬೇಡಿ. ಅದಕ್ಕೂ ಗಾಳಿ ಬೆಳಕು ಬೇಕು. ನಿಮ್ಮದೇ ಒಂದು ಕೋಣೆಯಿದ್ದರೆ ಅದಕ್ಕೊಂದು ಗಳವನ್ನು ಧೈರ್ಯವಾಗಿ ಮೀಸಲಿಡಬಹುದು.

ಯಂತ್ರ ಬೇಕೇ?

ಕರೆಂಟು, ನಲ್ಲಿಯ ಒತ್ತಡ ಎರಡೂ ನೆಚ್ಚುವಂತಿಲ್ಲದ ಕಡೆ ಸೆಮಿ ಆಟೋಮ್ಯಾಟಿಕ್ ಯಂತ್ರವೇ ಮೇಲು. ಬಕೆಟ್ಟಿನಲ್ಲಿ ನೀರು ಹೊಯ್ದರೂ ನಡೆಯುತ್ತದೆ, ನೀರು ಹಿಂಡಿ ಕೊಡುವುದರಿಂದ ಮಳೆಗಾಲದಲ್ಲಿ ಅರ್ಧ ಚಿಂತೆ ಕಡಿಮೆ. ಸಗಣಿ ಮೆತ್ತಿದ ಬಟ್ಟೆಯನ್ನು ಮೊದಲು ಕಲ್ಲಿನ ಮೇಲೆ ಜಾಲಿಸಿ ಹಾಕಿ. ಒದ್ದೆ ನೆಲದಲ್ಲಿ ಅರ್ಥಿಂಗ್ ಇಲ್ಲದೆ ಯಂತ್ರ ಇಡಲೇಬೇಡಿ. ಸ್ವಿಚ್ಚು ಎದೆಯೆತ್ತರದಲ್ಲಿ, ನೀರು ಸಿಡಿಯದ ಕಡೆ ಇರಲಿ.

ಎಲ್ಲವನ್ನೂ ಒಂದೇ ಸಲ ಮಾಡಬೇಕಿಲ್ಲ. ಈ ಬಟವಾಡೆಯಲ್ಲಿ ಮೂರು ಬುಟ್ಟಿ, ಮುಂದೆ ಗಳ ಮತ್ತು ಶೀಟು, ಬೇಸಿಗೆಯಲ್ಲಿ ಕಲ್ಲು ಮತ್ತು ನೆಲ. ಯಂತ್ರ ಕೊನೆಗೆ. ಖರ್ಚೇಕೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ, ಹಾಲಿನ ಪಾಸ್‌ಬುಕ್ಕನ್ನು ಮುಂದಿಡಿ. ಹಸುವಿಗೆ ಒಣ ನೆಲ ಬೇಕು ಎಂದು ಒಪ್ಪಿದವರು, ಹಸು ಸಾಕುವವಳಿಗೂ ಅದು ಬೇಕೆಂದು ಒಪ್ಪಲೇಬೇಕು.