ವರ್ಚುವಲ್ ಪರದೆಯ ದೂರವೀಕ್ಷಣೆ (ಬ್ರೌಸರ್ ಪರೀಕ್ಷೆ)

ವರ್ಚುವಲ್ ಪರದೆಯ ದೂರವೀಕ್ಷಣೆ ಎಂಬುದು ಮಾನಿಟರ್ ಇಲ್ಲದ ಸರ್ವರ್‌ನಲ್ಲಿ ನಡೆಯುವ ಸ್ವಯಂಚಾಲಿತ ಬ್ರೌಸರ್ ಪರೀಕ್ಷೆಯನ್ನು ಬೇರೊಂದು ಗಣಕಯಂತ್ರದಿಂದ ನೋಡುವ ವಿಧಾನವಾಗಿದೆ. ಬ್ರೌಸರ್ ತನ್ನ ಪುಟವನ್ನು ಸರ್ವರ್‌ನ ಸ್ಮೃತಿಯಲ್ಲಿರುವ ಪರದೆಯ ಮೇಲೆ ಚಿತ್ರಿಸುತ್ತದೆ. ಆ ಚಿತ್ರವನ್ನು ವಿಎನ್‌ಸಿ ಎಂಬ ವ್ಯವಸ್ಥೆಯು ಜಾಲದ ಮೂಲಕ ವೀಕ್ಷಕರಿಗೆ ತಲುಪಿಸುತ್ತದೆ. ಲಿನಕ್ಸ್ ಸರ್ವರ್‌ಗಳಲ್ಲಿ ಈ ವಿಧಾನವು ಬಳಕೆಯಲ್ಲಿದೆ.

ಹಿನ್ನೆಲೆ

ಜಾಲತಾಣವನ್ನು ಬದಲಾಯಿಸಿದಾಗಲೆಲ್ಲ ಅದರ ಪ್ರತಿ ಪುಟವನ್ನೂ ಮನುಷ್ಯರೇ ಪರಿಶೀಲಿಸುವುದು ಶ್ರಮದಾಯಕ. ಈ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಸೆಲೆನಿಯಮ್ ತಂತ್ರಾಂಶವನ್ನು 2004ರಲ್ಲಿ ಥಾಟ್‌ವರ್ಕ್ಸ್ ಸಂಸ್ಥೆಯಲ್ಲಿದ್ದ ಜೇಸನ್ ಹಗಿನ್ಸ್ ರೂಪಿಸಿದರು. ಆದರೆ ಸಾಮಾನ್ಯ ಬ್ರೌಸರ್ ತೆರೆದುಕೊಳ್ಳಲು ಒಂದು ಪರದೆ ಬೇಕು. ಲಿನಕ್ಸ್‌ನಲ್ಲಿ ಪರದೆಯನ್ನು ನಿರ್ವಹಿಸುತ್ತ ಬಂದಿರುವ ಎಕ್ಸ್ ವಿಂಡೋ ವ್ಯವಸ್ಥೆಯು 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಆರಂಭವಾಯಿತು. ನಿಜವಾದ ಪರದೆಯ ಬದಲು ಸ್ಮೃತಿಯ ಒಂದು ಭಾಗವನ್ನೇ ಪರದೆಯಾಗಿ ಬಳಸುವ ಅದರ ರೂಪವೇ ಎಕ್ಸ್‌ವಿಎಫ್‌ಬಿ. ವಿಎನ್‌ಸಿ ವ್ಯವಸ್ಥೆಯು 1990ರ ದಶಕದಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದ ಆಲಿವೆಟ್ಟಿ ಸಂಶೋಧನಾಲಯದಲ್ಲಿ ಸಿದ್ಧವಾಯಿತು.

ಕಾರ್ಯವಿಧಾನ

1. ಎಕ್ಸ್‌ವಿಎಫ್‌ಬಿಯನ್ನು ಒಂದು ಪರದೆ ಸಂಖ್ಯೆ (ಉದಾಹರಣೆಗೆ 99), ಅಳತೆ ಮತ್ತು ಬಣ್ಣದ ಆಳವನ್ನು ಸೂಚಿಸಿ ಆರಂಭಿಸಲಾಗುತ್ತದೆ.
2. 'ಡಿಸ್‌ಪ್ಲೇ' ಎಂಬ ಪರಿಸರ ಚರಾಂಶಕ್ಕೆ ಅದೇ ಸಂಖ್ಯೆಯನ್ನು ನೀಡಿ ಬ್ರೌಸರನ್ನು ತೆರೆಯಲಾಗುತ್ತದೆ.
3. ಎಕ್ಸ್11ವಿಎನ್‌ಸಿಯಂತಹ ತಂತ್ರಾಂಶವನ್ನು ಆ ಪರದೆಗೆ ಜೋಡಿಸಲಾಗುತ್ತದೆ. ವಿಎನ್‌ಸಿಯ ರೂಢಿಯ ಪೋರ್ಟ್ ಸಂಖ್ಯೆಗಳು 5900ರಿಂದ ಆರಂಭವಾಗುತ್ತವೆ.
4. ವೀಕ್ಷಕರು ತಮ್ಮ ಗಣಕಯಂತ್ರದಲ್ಲಿ ವಿಎನ್‌ಸಿ ವೀಕ್ಷಕ ತಂತ್ರಾಂಶವನ್ನು ತೆರೆದು ಪರೀಕ್ಷೆಯನ್ನು ನೋಡುತ್ತಾರೆ.

ಸೆಲೆನಿಯಮ್ ಯೋಜನೆಯ ಡಾಕರ್ ಪ್ರತಿಗಳಲ್ಲಿ ಇವೆಲ್ಲವೂ ಮೊದಲೇ ಜೋಡಣೆಗೊಂಡಿರುತ್ತವೆ. ಅವುಗಳಲ್ಲಿ 7900ನೇ ಪೋರ್ಟ್ ಮೂಲಕ ಬ್ರೌಸರ್‌ನಲ್ಲಿಯೇ ಪರದೆಯನ್ನು ನೋಡಬಹುದು.

ಕನ್ನಡ ಪುಟಗಳ ಪರೀಕ್ಷೆಯಲ್ಲಿ

ಪರೀಕ್ಷಾ ಪ್ರೋಗ್ರಾಮು ಸಾಮಾನ್ಯವಾಗಿ ಪುಟದ ಪಠ್ಯವನ್ನು ಯೂನಿಕೋಡ್ ಸಂಕೇತಗಳಾಗಿ ಓದುತ್ತದೆ; ಅಕ್ಷರದ ಆಕಾರವನ್ನು ಅದು ಗಮನಿಸುವುದಿಲ್ಲ. ತಾಲ್ಲೂಕುಗಳ ಪಟ್ಟಿಯಿರುವ ಪುಟವೊಂದನ್ನು ಕನ್ನಡ ಫಾಂಟ್ ಇಲ್ಲದ ಸರ್ವರ್‌ನಲ್ಲಿ ತೆರೆದರೆ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಹೆಸರುಗಳ ಜಾಗದಲ್ಲಿ ಖಾಲಿ ಚೌಕಗಳು ಮೂಡುತ್ತವೆ. ಸಂಕೇತಗಳು ಸರಿಯಾಗಿಯೇ ಇರುವುದರಿಂದ ಪರೀಕ್ಷೆ ಮಾತ್ರ 'ಉತ್ತೀರ್ಣ' ಎಂದು ವರದಿಯಾಗುತ್ತದೆ. 'ಜ್ಜ'ದಂತಹ ಒತ್ತಕ್ಷರ ಒಡೆದು ಕಾಣುವುದು, ಉದ್ದವಾದ ಕನ್ನಡ ಪದವು ಗುಂಡಿಯ ಅಂಚನ್ನು ಮೀರುವುದು ಮುಂತಾದ ದೋಷಗಳೂ ಹೀಗೆಯೇ ಮರೆಯಾಗಿ ಉಳಿಯುತ್ತವೆ. ಪರದೆಯನ್ನು ನೋಡಿದವರಿಗೆ ಇವು ಕೂಡಲೇ ತಿಳಿಯುತ್ತವೆ. ಲೋಹಿತ್ ಕನ್ನಡ ಅಥವಾ ನೋಟೊ ಸಾನ್ಸ್ ಕನ್ನಡ ಫಾಂಟನ್ನು ಸರ್ವರ್‌ನಲ್ಲಿ ಸ್ಥಾಪಿಸುವುದರಿಂದ ಚೌಕಗಳ ಸಮಸ್ಯೆ ನಿವಾರಣೆಯಾಗುತ್ತದೆ. ಒಡೆದ ಒತ್ತಕ್ಷರ ಮತ್ತು ಪುಟವಿನ್ಯಾಸದ ದೋಷಗಳನ್ನು ಪ್ರತ್ಯೇಕವಾಗಿ ಸರಿಪಡಿಸಬೇಕಾಗುತ್ತದೆ.

ಸುರಕ್ಷತೆ ಮತ್ತು ಎಚ್ಚರಿಕೆಗಳು

ವಿಎನ್‌ಸಿಯ ಮೂಲ ವಿಧಾನದಲ್ಲಿ ಚಿತ್ರ ಮತ್ತು ಕೀಲಿಮಣೆಯ ಮಾಹಿತಿ ಗೂಢಲಿಪೀಕರಣವಿಲ್ಲದೆ ಸಾಗುತ್ತದೆ. ಗುಪ್ತಪದದ ಮೊದಲ 8 ಅಕ್ಷರಗಳು ಮಾತ್ರ ಪರಿಗಣನೆಗೆ ಬರುತ್ತವೆ. ಆದ್ದರಿಂದ ಪೋರ್ಟನ್ನು ಅಂತರಜಾಲಕ್ಕೆ ನೇರವಾಗಿ ತೆರೆಯದೆ ಎಸ್‌ಎಸ್‌ಎಚ್ ಸುರಂಗದ ಮೂಲಕ ಸಂಪರ್ಕಿಸುವುದು ಸುರಕ್ಷಿತ. ವೀಕ್ಷಕರು ಮೌಸ್ ಅಲುಗಾಡಿಸಿದರೂ ಪರೀಕ್ಷೆಗೆ ಅಡ್ಡಿಯಾಗಬಹುದು; ಅದನ್ನು ತಪ್ಪಿಸಲು 'ವೀಕ್ಷಣೆ ಮಾತ್ರ' ಆಯ್ಕೆಯಿದೆ.

ಪರ್ಯಾಯಗಳು

2017ರಿಂದ ಕ್ರೋಮ್ ಹಾಗೂ ಫೈರ್‌ಫಾಕ್ಸ್‌ಗಳಲ್ಲಿ ಪರದೆಯೇ ಬೇಡದ 'ಹೆಡ್‌ಲೆಸ್' ವಿಧಾನ ಲಭ್ಯವಿದೆ. ಇದರಲ್ಲಿ ನೇರ ವೀಕ್ಷಣೆಗೆ ಕಿಟಕಿ ಇರುವುದಿಲ್ಲವಾದರೂ ಪುಟದ ಚಿತ್ರವನ್ನು ಉಳಿಸಿಕೊಳ್ಳಬಹುದು. ವರ್ಚುವಲ್ ಪರದೆಯನ್ನು ವಿಡಿಯೊ ಆಗಿ ದಾಖಲಿಸಿಕೊಂಡು ಅನಂತರ ನೋಡುವುದು ಮತ್ತೊಂದು ಮಾರ್ಗ. ಕನ್ನಡ ವಿಕಿಪೀಡಿಯಕ್ಕೆ ಆಧಾರವಾಗಿರುವ ಮೀಡಿಯಾವಿಕಿ ತಂತ್ರಾಂಶದ ಸೆಲೆನಿಯಮ್ ಪರೀಕ್ಷೆಗಳಲ್ಲಿಯೂ ಈ ಸೌಲಭ್ಯವಿದೆ.