ನಾಲ್ಕು ಚಕ್ರಕ್ಕೆ ಮೂರು ಶಾಕ್

ಅಮೆರಿಕದ ವೆಸ್ಟ್ ವರ್ಜೀನಿಯಾದ ಸ್ನೋಶೂ ಬೆಟ್ಟಕ್ಕೆ ಚಳಿಗಾಲದಲ್ಲಿ ಜನ ಹಿಮದ ಮೇಲೆ ಜಾರಲು ಬರುತ್ತಾರೆ. ಹಿಮ ಕರಗಿದ ಮೇಲೆ ಅದೇ ಬೆಟ್ಟದಲ್ಲಿ ಎಟಿವಿ ಎಂಬ ನಾಲ್ಕು ಚಕ್ರದ ಬೈಕುಗಳ ರೇಸ್ ನಡೆಯುತ್ತದೆ. ಜಿಎನ್‌ಸಿಸಿ, ಅಂದರೆ ಗ್ರ್ಯಾಂಡ್ ನ್ಯಾಷನಲ್ ಕ್ರಾಸ್ ಕಂಟ್ರಿ ಸರಣಿಯ ಒಂದು ಸುತ್ತು ಅದು. ಬಂಡೆ, ಬೇರು, ಕೆಸರು, ಮರ ಮರಗಳ ನಡುವಿನ ಇಕ್ಕಟ್ಟು ಎಲ್ಲವನ್ನೂ ದಾಟುತ್ತ ಎರಡು ಗಂಟೆ ಓಡಿಸಬೇಕು. ಇನ್ನೊಂದು ರೇಸ್ ಟೆನೆಸಿ ರಾಜ್ಯದಲ್ಲಿ, ಗಾಯಕಿ ಲೊರೆಟ್ಟಾ ಲಿನ್ ಹೆಸರಿನ ರ‍್ಯಾಂಚಿನಲ್ಲಿ. ಅದು ಮೋಟೊಕ್ರಾಸ್. ಅಲ್ಲಿ ಮರಗಳ ಕಾಟವಿಲ್ಲ. ಮಣ್ಣಿನ ದಿಬ್ಬ ಹತ್ತಿ ಗಾಳಿಯಲ್ಲಿ ಹಾರಬೇಕು, ನೆಲಕ್ಕೆ ಬಿದ್ದ ಕೂಡಲೇ ತಿರುವಿಗೆ ಸಜ್ಜಾಗಬೇಕು.

ಎರಡೂ ಕಡೆ ಗೆಲ್ಲುವ ಗಾಡಿ ಒಂದೇ ಮಾದರಿಯದ್ದಾಗಿರಬಹುದು. 2009ರಲ್ಲಿ ಬಂದ ಯಮಾಹಾ ವೈಎಫ್‌ಝಡ್450ಆರ್ ಎರಡೂ ಬಗೆಯ ರೇಸಿನಲ್ಲಿ ಹೆಸರು ಮಾಡಿದೆ. ಆದರೆ ಕಾಡಿನ ಗಾಡಿಯ ಶಾಕ್ ಅಬ್ಸಾರ್ಬರ್ ಬಿಚ್ಚಿ ಮೋಟೊಕ್ರಾಸ್ ಗಾಡಿಗೆ ಹಾಕಿದರೆ ಸವಾರ ಮೊದಲ ದಿಬ್ಬದಲ್ಲೇ ವೇಗ ತಗ್ಗಿಸುತ್ತಾನೆ. ಮೋಟೊಕ್ರಾಸಿನ ಶಾಕ್ ಹಾಕಿಕೊಂಡು ಸ್ನೋಶೂ ಬಂಡೆಗಳಿಗೆ ಇಳಿದವನ ಕೈಗಳು ಎರಡು ಗಂಟೆ ತಡೆಯುವುದಿಲ್ಲ. ಎಂಜಿನ್ ಮೇಲೆ ದುಡ್ಡು ಸುರಿಯುವ ಹೊಸ ಸವಾರರು ತಡವಾಗಿ ಕಲಿಯುವ ಪಾಠ ಇದು: ಗಾಡಿಗೆ ಇರುವ ಶಕ್ತಿಯನ್ನು ನೆಲಕ್ಕೆ ತಲುಪಿಸುವುದು ಶಾಕ್.

ನಮ್ಮಲ್ಲಿ ಎಟಿವಿ ಎಂದರೆ ಕೊಡಗು, ಸಕಲೇಶಪುರದ ರೆಸಾರ್ಟ್‌ಗಳಲ್ಲಿ ಬಾಡಿಗೆಗೆ ಸಿಗುವ, ದಪ್ಪ ಟೈರಿನ ನಾಲ್ಕು ಚಕ್ರದ ಬೈಕ್ ನೆನಪಾಗುತ್ತದೆ. ರೇಸಿನ ಎಟಿವಿ ಅದರ ದೂರದ ನೆಂಟ. ಎತ್ತರ ಕಡಿಮೆ, ಅಗಲ ಹೆಚ್ಚು. ಸವಾರ ಕೂತಿರುವುದಕ್ಕಿಂತ ನಿಂತಿರುವುದೇ ಜಾಸ್ತಿ. ಮುಂದಿನ ಎರಡು ಚಕ್ರಗಳು ಎ-ಆರ್ಮ್ ಎಂಬ ತ್ರಿಕೋನದ ತೋಳುಗಳ ಮೇಲೆ ಬೇರೆ ಬೇರೆಯಾಗಿ ಏರಿಳಿಯುತ್ತವೆ, ಒಂದೊಂದಕ್ಕೂ ಒಂದು ಶಾಕ್. ಹಿಂದಿನ ಎರಡು ಚಕ್ರಗಳನ್ನು ಒಂದೇ ಆಕ್ಸಲ್ ಹಿಡಿದಿರುತ್ತದೆ, ಆ ಜೋಡಿಗೆ ಬೈಕಿನಂತೆ ಒಂದೇ ಶಾಕ್. ಹೀಗಾಗಿ ನಾಲ್ಕು ಚಕ್ರಕ್ಕೆ ಮೂರು ಶಾಕ್.

ಪ್ರತಿ ಶಾಕ್‌ನಲ್ಲೂ ಎರಡು ಬೇರೆ ಬೇರೆ ಸಾಧನಗಳಿವೆ. ಹೊರಗೆ ಕಾಣುವ ಸ್ಪ್ರಿಂಗ್ ಭಾರ ಹೊರುತ್ತದೆ. ಒಳಗಿನ ಡ್ಯಾಂಪರ್ ಎಣ್ಣೆ ತುಂಬಿದ ಕೊಳವೆ. ಅದರಲ್ಲಿ ಓಡಾಡುವ ಪಿಸ್ಟನ್ನಿನ ರಂಧ್ರಗಳನ್ನು ಶಿಮ್ ಎಂಬ ತೆಳು ಉಕ್ಕಿನ ಬಿಲ್ಲೆಗಳು ಮುಚ್ಚಿರುತ್ತವೆ. ಎಣ್ಣೆ ಆ ಬಿಲ್ಲೆಗಳನ್ನು ಬಾಗಿಸಿಕೊಂಡು ದಾಟುವಾಗ ಚಲನೆ ಶಾಖವಾಗಿ ಬದಲಾಗುತ್ತದೆ. ಡ್ಯಾಂಪರ್ ಇಲ್ಲದಿದ್ದರೆ ಒಂದು ಗುಂಡಿಗೆ ಬಿದ್ದ ಗಾಡಿ ಮುಂದಿನ ಗುಂಡಿ ಬರುವವರೆಗೂ ಕುಪ್ಪಳಿಸುತ್ತಲೇ ಇರುತ್ತದೆ. ಕೊಳ್ಳುವವರು ಡ್ಯಾಂಪರಿನ ಹೊಳೆಯುವ ಗುಬ್ಬಿಗಳಿಗೆ ಮರುಳಾಗುತ್ತಾರೆ. ಆದರೆ ಮೊದಲು ಸರಿಹೋಗಬೇಕಾದದ್ದು ಸ್ಪ್ರಿಂಗ್.

ಸ್ಪ್ರಿಂಗ್ ಸರಿಯಿದೆಯೇ ಎಂದು ಹೇಳುವುದು ಸವಾರನ ತೂಕ. ವೈಎಫ್‌ಝಡ್450ಆರ್ ಪೆಟ್ರೋಲ್ ತುಂಬಿಸಿಕೊಂಡು ನಿಂತಾಗ ಸುಮಾರು 184 ಕಿಲೋ. 60 ಕಿಲೋ ಹುಡುಗ ಹತ್ತಿದರೆ ಒಟ್ಟು 244, 95 ಕಿಲೋ ಆಳು ಹತ್ತಿದರೆ 279. ಒಂದು ಟನ್ ತೂಗುವ ಕಾರಿನಲ್ಲಿ ಈ 35 ಕಿಲೋ ವ್ಯತ್ಯಾಸ ಯಾರ ಗಮನಕ್ಕೂ ಬರುವುದಿಲ್ಲ. ಎಟಿವಿಯಲ್ಲಿ ಅದೇ ವ್ಯತ್ಯಾಸ ಗಾಡಿಯ ನಡತೆಯನ್ನು ಬದಲಿಸಿಬಿಡುತ್ತದೆ. ಕಾರ್ಖಾನೆಯವರು ಯಾರೋ ಒಬ್ಬ ಸರಾಸರಿ ಸವಾರನನ್ನು ಮನಸ್ಸಿನಲ್ಲಿಟ್ಟುಕೊಂಡು ಸ್ಪ್ರಿಂಗ್ ಹಾಕಿರುತ್ತಾರೆ. ಅವನು ವಾರಾಂತ್ಯಕ್ಕೆ ಗದ್ದೆ ಬಯಲಲ್ಲಿ ಸುತ್ತುವವನೂ ಹೌದು, ತಿಂಗಳಿಗೊಮ್ಮೆ ರೇಸಿಗೆ ಹೋಗುವವನೂ ಹೌದು. ಎಲ್ಲರಿಗೂ ಸ್ವಲ್ಪ ಸ್ವಲ್ಪ ಹೊಂದುವ ಸ್ಪ್ರಿಂಗ್ ರೇಸಿನಲ್ಲಿ ಯಾರಿಗೂ ಪೂರ್ತಿ ಹೊಂದುವುದಿಲ್ಲ.

ಇದನ್ನು ಅಳೆಯಲು ಒಂದು ಟೇಪು ಸಾಕು. ಚಕ್ರಗಳು ಇಳಿಬೀಳುವಂತೆ ಗಾಡಿಯನ್ನು ಎತ್ತಿ ನಿಲ್ಲಿಸಿ, ಆಕ್ಸಲಿನಿಂದ ಚಾಸಿಯ ಒಂದು ಗುರುತಿನವರೆಗೆ ಅಳೆಯುತ್ತಾರೆ. ಆಮೇಲೆ ಸವಾರ ಹೆಲ್ಮೆಟ್, ಬೂಟು ಸಮೇತ ಹತ್ತಿ ನಿಂತಾಗ ಮತ್ತೆ ಅಳೆಯುತ್ತಾರೆ. ಎಷ್ಟು ಕುಸಿಯಿತೋ ಅದು ಸ್ಯಾಗ್. ಒಟ್ಟು ಚಲನೆಯ ಮೂರನೇ ಒಂದರ ಆಸುಪಾಸು ಇರಲಿ ಎಂಬುದು ರೂಢಿಯ ಲೆಕ್ಕ. ಈ ಯಮಾಹಾದ ಮುಂಚಕ್ರ ಸುಮಾರು 250 ಮಿಲಿಮೀಟರ್ ಏರಿಳಿಯುತ್ತದೆ, ಹಾಗಾಗಿ 80 ಮಿಲಿಮೀಟರ್ ಅತ್ತಿತ್ತ ಕುಸಿದರೆ ಆರಂಭಕ್ಕೆ ಅಡ್ಡಿಯಿಲ್ಲ. ಹೆಚ್ಚು ಕುಸಿದಾಗ, ಸ್ಪ್ರಿಂಗನ್ನು ಒತ್ತಿ ಹಿಡಿಯುವ ಪ್ರೀಲೋಡ್ ರಿಂಗ್ ಬಿಗಿದು ಗಾಡಿಯನ್ನು ಎತ್ತಬಹುದು. ಇಲ್ಲಿ ಅನೇಕರು ಎಡವುತ್ತಾರೆ: ರಿಂಗ್ ಬಿಗಿದರೆ ಗಾಡಿ ಎತ್ತರವಾಗುತ್ತದೆಯೇ ಹೊರತು ಸ್ಪ್ರಿಂಗ್ ಗಟ್ಟಿಯಾಗುವುದಿಲ್ಲ. ಬಿಗಿಯುತ್ತ ಬಿಗಿಯುತ್ತ ರಿಂಗ್ ಕೊನೆ ಮುಟ್ಟಿತೆಂದರೆ ಬೇಕಾಗಿರುವುದು ಬೇರೆ ಸ್ಪ್ರಿಂಗ್.

ಶಾಕ್ ಆರಿಸುವುದರಲ್ಲಿ ಅತ್ಯಂತ ಕಡಿಮೆ ಮಾತನಾಡುವ, ಅತ್ಯಂತ ಹೆಚ್ಚು ದುಡ್ಡು ಪೋಲಾಗುವ ವಿಷಯ ಎ-ಆರ್ಮ್. ಕದವನ್ನು ಹಿಡಿಕೆಯ ಹತ್ತಿರ ತಳ್ಳಿದರೆ ಬೆರಳು ಸಾಕು, ತಿರುಗಣಿಯ ಹತ್ತಿರ ತಳ್ಳಿದರೆ ಭುಜ ಕೊಡಬೇಕು. ಎ-ಆರ್ಮಿನ ಒಂದು ತುದಿ ಚಾಸಿಗೆ ತಿರುಗಣಿಯಂತೆ ಸೇರಿದೆ, ಇನ್ನೊಂದು ತುದಿಯಲ್ಲಿ ಚಕ್ರ, ನಡುವೆ ಎಲ್ಲೋ ಶಾಕ್. ಆರ್ಮಿನ ಉದ್ದ 40 ಸೆಂಟಿಮೀಟರ್, ಶಾಕ್ ಸರಿಯಾಗಿ ನಡುವೆ 20ರಲ್ಲಿ, ಆರ್ಮಿಗೆ ನೆಟ್ಟಗೆ ನಿಂತಿದೆ ಎಂದಿಟ್ಟುಕೊಳ್ಳೋಣ. ಚಕ್ರ 10 ಸೆಂಟಿಮೀಟರ್ ಏರಿದರೆ ಶಾಕ್ ಒತ್ತಿಕೊಳ್ಳುವುದು 5 ಮಾತ್ರ. ಶಾಕ್ ತಳ್ಳುವ ಬಲವೂ ಚಕ್ರಕ್ಕೆ ತಲುಪುವಷ್ಟರಲ್ಲಿ ಅರ್ಧವಾಗುತ್ತದೆ. ಅರ್ಧದಲ್ಲಿ ಅರ್ಧ, ಅಂದರೆ ಸೆಂಟಿಮೀಟರಿಗೆ 10 ಕಿಲೋ ತಾಳುವ ಸ್ಪ್ರಿಂಗ್ ಚಕ್ರದ ಬಳಿ ಎರಡೂವರೆ ಕಿಲೋ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಈಗ ಶಾಕ್ ಕೂರುವ ಜಾಗವನ್ನು ನಾಲ್ಕೇ ಸೆಂಟಿಮೀಟರ್ ಚಕ್ರದ ಕಡೆಗೆ ಸರಿಸಿದರೆ ಅದೇ ಸ್ಪ್ರಿಂಗ್ 3.6 ಕಿಲೋ ಆಗುತ್ತದೆ. ನೂರಕ್ಕೆ 44ರಷ್ಟು ಗಟ್ಟಿ!

ಆದ್ದರಿಂದಲೇ ಇವತ್ತು ಶಾಕ್, ಮುಂದಿನ ವರ್ಷ ಅಗಲದ ಎ-ಆರ್ಮ್ ಎಂದು ಯೋಜನೆ ಹಾಕುವವರು ಎರಡು ಸಲ ದುಡ್ಡು ಕೊಡುತ್ತಾರೆ. ಆರ್ಮ್ ಬದಲಾಯಿಸುವ ಇರಾದೆ ಇದ್ದರೆ ಅದನ್ನು ಮೊದಲೇ ತೀರ್ಮಾನಿಸಬೇಕು. ಮೋಟೊಕ್ರಾಸಿನವರು 50 ಇಂಚಿನ ಮಿತಿಯವರೆಗೂ ಗಾಡಿಯನ್ನು ಅಗಲ ಮಾಡಿಕೊಳ್ಳುತ್ತಾರೆ, ತಿರುವಿನಲ್ಲಿ ಮಗುಚದಿರಲೆಂದು. ಕಾಡಿನವರಿಗೆ ಆ ಆಸೆ ಇಲ್ಲ. ಎರಡು ಮರಗಳ ನಡುವೆ ತೂರಲು ಅವರಿಗೆ ಇಂಚಿಂಚೂ ಬೇಕು. ಲಾಂಗ್ ಟ್ರಾವೆಲ್ ಎಂದು ಮಾರುವ ಆರ್ಮ್‌ಗಳಲ್ಲಿ ಶಾಕ್ ಕೂರುವ ಜಾಗವೇ ಬೇರೆ, ಶಾಕಿನ ಉದ್ದವೂ ಬೇರೆ. ಮಾಮೂಲಿ ಆರ್ಮಿಗೆ ಮಾಡಿದ ಶಾಕ್ ಅದಕ್ಕೆ ಕೂರುವುದಿಲ್ಲ.

ಇನ್ನು ಡ್ಯಾಂಪಿಂಗ್. ಶಾಕ್ ಒತ್ತಿಕೊಳ್ಳುವಾಗಿನ ತಡೆಯೇ ಕಂಪ್ರೆಷನ್. ಒಳ್ಳೆಯ ಶಾಕ್‌ನಲ್ಲಿ ಅದಕ್ಕೆ ಹೈ ಸ್ಪೀಡ್, ಲೋ ಸ್ಪೀಡ್ ಎಂಬ ಎರಡು ಹೊಂದಾಣಿಕೆಗಳಿರುತ್ತವೆ. ಇದು ಗಾಡಿಯ ವೇಗವಲ್ಲ, ಶಾಕಿನ ದಂಡ ಒಳನುಗ್ಗುವ ವೇಗ. ಗಂಟೆಗೆ 20 ಕಿಲೋಮೀಟರ್‌ನಲ್ಲಿ ಚೂಪಾದ ಬಂಡೆಗೆ ಚಕ್ರ ಬಡಿದರೂ ಅದು ಹೈ ಸ್ಪೀಡ್. ಗಾಡಿ 90ರಲ್ಲಿ ಹೋಗುತ್ತಿದ್ದರೂ ತಿರುವಿನಲ್ಲಿ ನಿಧಾನಕ್ಕೆ ಒಂದು ಬದಿಗೆ ವಾಲುವುದು ಲೋ ಸ್ಪೀಡ್. ಸ್ನೋಶೂ ತರಹದ ಕಾಡಿಗೆ ಹೈ ಸ್ಪೀಡ್ ಮೆತ್ತಗಿರಬೇಕು, ಇಲ್ಲದಿದ್ದರೆ ಪ್ರತಿ ಬೇರಿನ ಏಟೂ ಮಣಿಕಟ್ಟಿಗೆ ಬರುತ್ತದೆ. ಮೋಟೊಕ್ರಾಸಿನಲ್ಲಿ ಎತ್ತರದಿಂದ ಬೀಳುವ ಗಾಡಿ ತಳ ಕುಟ್ಟದಂತೆ ಅದನ್ನೇ ಗಟ್ಟಿ ಮಾಡಬೇಕು. ಒತ್ತಿಕೊಂಡ ಶಾಕ್ ಮರಳಿ ಚಾಚಿಕೊಳ್ಳುವ ವೇಗವನ್ನು ರಿಬೌಂಡ್ ಹಿಡಿತದಲ್ಲಿಡುತ್ತದೆ. ತೀರಾ ವೇಗವಾದರೆ ಗಾಡಿಯ ಹಿಂಭಾಗ ಸವಾರನನ್ನು ಎತ್ತಿ ಒಗೆಯುತ್ತದೆ. ತೀರಾ ನಿಧಾನವಾದರೆ ಸಾಲು ಗುಂಡಿಗಳಲ್ಲಿ ಶಾಕ್ ಪೂರ್ತಿ ಚಾಚಿಕೊಳ್ಳುವಷ್ಟರಲ್ಲಿ ಮುಂದಿನ ಏಟು ಬೀಳುತ್ತದೆ. ಹತ್ತನೇ ಗುಂಡಿಗೆ ಬರುವ ಹೊತ್ತಿಗೆ ಶಾಕ್ ಕುಗ್ಗಿ ಕುಳಿತಿರುತ್ತದೆ, ಸವಾರ ಸ್ಪ್ರಿಂಗ್ ಮೆತ್ತಗಾಯಿತೆಂದು ತಪ್ಪು ತಿಳಿಯುತ್ತಾನೆ.

ಎಣ್ಣೆ ಕಾದರೆ ತೆಳುವಾಗುತ್ತದೆ. ಸಾಲದ್ದಕ್ಕೆ ಪಿಸ್ಟನ್ನಿನ ಹಿಂದೆ ಒತ್ತಡ ಬಿದ್ದುಹೋಗಿ ಗುಳ್ಳೆ ಎದ್ದರೆ ಡ್ಯಾಂಪರ್ ಇದ್ದೂ ಇಲ್ಲದಂತೆ. ಇದನ್ನು ತಡೆಯಲು ಶಾಕಿನ ಪಕ್ಕದಲ್ಲಿ ಇನ್ನೊಂದು ಡಬ್ಬಿ ಇಟ್ಟು, ಅದರಲ್ಲಿ ನೈಟ್ರೋಜನ್ ತುಂಬಿ ಎಣ್ಣೆಯನ್ನು ಸದಾ ಒತ್ತಡದಲ್ಲಿಡುತ್ತಾರೆ. ಎಣ್ಣೆಯ ಪ್ರಮಾಣ ಹೆಚ್ಚುವುದರಿಂದ ಕಾಯುವುದೂ ನಿಧಾನವಾಗುತ್ತದೆ. ಡಕಾರ್ ರ‍್ಯಾಲಿಯಲ್ಲಿ ಕ್ವಾಡ್, ಅಂದರೆ ಎಟಿವಿ ವಿಭಾಗ 2009ರಿಂದ 2024ರವರೆಗೆ ಇತ್ತು. ಅರ್ಜೆಂಟೀನಾದ ಮಾರ್ಕೋಸ್ ಪಟ್ರೊನೆಲ್ಲಿ 2010, 2013, 2016ರಲ್ಲಿ ಅದನ್ನು ಯಮಾಹಾ ಗಾಡಿಯಲ್ಲಿ ಗೆದ್ದವರು. ದಿನಕ್ಕೆ ನೂರಾರು ಕಿಲೋಮೀಟರ್ ಮರಳು, ಕಲ್ಲು ತುಳಿಯುವ ಅಂಥ ರೇಸಿಗೆ ಈ ಡಬ್ಬಿ ಬೇಕೇ ಬೇಕು. ಊರಿನ ಮೈದಾನದಲ್ಲಿ ಹತ್ತು ನಿಮಿಷ ಓಡಿಸುವವನಿಗೆ ಅದರ ಹಂಗಿಲ್ಲ.

ಉಕ್ಕಿನ ಸ್ಪ್ರಿಂಗನ್ನೇ ತೆಗೆದುಹಾಕಿ ಗಾಳಿಯನ್ನು ಸ್ಪ್ರಿಂಗ್ ಮಾಡಿಕೊಂಡ ಶಾಕ್‌ಗಳೂ ಇವೆ, ಫಾಕ್ಸ್ ಕಂಪನಿಯ ಫ್ಲೋಟ್ ಅದರಲ್ಲಿ ಹೆಸರುವಾಸಿ. ತೂಕ ಬಹಳ ಕಡಿಮೆ. ಸವಾರ ಬದಲಾದರೆ ಕೈಪಂಪಿನಲ್ಲಿ ಒತ್ತಡ ಬದಲಾಯಿಸಿದರಾಯಿತು. ಈ ಗುಣಕ್ಕೇ ಅದು ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೂ ಬಂದಿದೆ. ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕರ್ನಾಟಕದ ಕಾಲೇಜು ತಂಡಗಳೂ ಒಂಟಿ ಸೀಟಿನ ಗಾಡಿ ಕಟ್ಟಿಕೊಂಡು ಹೋಗುತ್ತವೆ, ಹುಡುಗರ ಬಾಯಲ್ಲಿ ಅದೂ ಎಟಿವಿಯೇ. ಎ-ಆರ್ಮಿನ ಮೇಲೆ ಶಾಕ್ ಎಲ್ಲಿ ಕೂರಬೇಕೆಂದು ಲೆಕ್ಕ ಹಾಕುತ್ತ ಅವರು ನಿದ್ದೆಗೆಡುವುದು ಮೇಲೆ ಹೇಳಿದ ಗಣಿತಕ್ಕಾಗಿಯೇ. ಗಾಳಿ ಶಾಕಿಗೆ ಒಂದು ಕೊರತೆ ಇದೆ. ಒಳಗಿನ ಗಾಳಿ 27 ಡಿಗ್ರಿಯಿಂದ 87 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೆ ಒತ್ತಡ ನೂರಕ್ಕೆ 20ರಷ್ಟು ಹೆಚ್ಚುತ್ತದೆ. ಬೆಳಗ್ಗೆ ಹದ ಮಾಡಿಟ್ಟ ಗಾಡಿ ರೇಸಿನ ಕೊನೆಯಲ್ಲಿ ಗಡುಸಾಗಿ ಎತ್ತೆತ್ತಿ ಹಾಕಬಹುದು. ಎರಡು ಗಂಟೆಯ ರೇಸಿಗೆ ಉಕ್ಕಿನ ಸ್ಪ್ರಿಂಗೇ ನಂಬಿಕಸ್ಥ ಎನ್ನುವವರ ಮಾತಿನಲ್ಲಿ ಹುರುಳಿದೆ.

ಕೆನಡಾದ ಎಲ್ಕಾ, ಸ್ವೀಡನ್ನಿನ ಓಲಿನ್ಸ್, ಅಮೆರಿಕದ ಫಾಕ್ಸ್ ಎಲ್ಲವೂ ನುರಿತ ಕಂಪನಿಗಳೇ. ಯಾವುದು ಮೇಲು ಎಂಬ ಜಗಳಕ್ಕೆ ಕೊನೆಯಿಲ್ಲ. ಆ ಜಗಳಕ್ಕಿಂತ ಉಪಯುಕ್ತವಾದದ್ದು ಆರ್ಡರ್ ತೆಗೆದುಕೊಳ್ಳುವವನು ಕೇಳುವ ಪ್ರಶ್ನೆಗಳು. ತೂಕವೆಷ್ಟು, ಯಾವ ಆರ್ಮ್, ಯಾವ ಬಗೆಯ ನೆಲ, ಎಷ್ಟು ಎತ್ತರ ಹಾರುತ್ತೀರಿ, ಯಾವ ದರ್ಜೆಯಲ್ಲಿ ಓಡಿಸುತ್ತೀರಿ ಎಂದು ಕೇಳದೆ ಡಬ್ಬ ಕಟ್ಟಿಕೊಡುವ ಅಂಗಡಿಯಿಂದ ಎಷ್ಟೇ ದೊಡ್ಡ ಹೆಸರಿನ ಶಾಕ್ ತಂದರೂ ಅದು ಇನ್ನೊಬ್ಬ ಸರಾಸರಿ ಸವಾರನ ಶಾಕ್. ಉತ್ತರ ಹೇಳುವವನೂ ಪ್ರಾಮಾಣಿಕನಾಗಿರಬೇಕು. ಹೊಸಬ ತನ್ನನ್ನು ಚಾಂಪಿಯನ್ ಎಂದುಕೊಂಡು ಬರೆದರೆ ಮರದ ದಿಮ್ಮಿಯಂಥ ಶಾಕ್ ಮನೆಗೆ ಬರುತ್ತದೆ.

ಹೊಸದನ್ನು ಕೊಳ್ಳಲೇಬೇಕೆಂದೂ ಇಲ್ಲ. ಈ ಯಮಾಹಾದ ಮುಂದಿನ ಶಾಕ್‌ಗಳಲ್ಲಿ ಪ್ರೀಲೋಡ್, ರಿಬೌಂಡ್, ಎರಡೂ ಬಗೆಯ ಕಂಪ್ರೆಷನ್ ಹೊಂದಾಣಿಕೆ ಕಾರ್ಖಾನೆಯಿಂದಲೇ ಬರುತ್ತದೆ. ಬಿಚ್ಚಿ ಎಣ್ಣೆ, ಸೀಲ್ ಬದಲಾಯಿಸಿ, ಸವಾರನ ತೂಕಕ್ಕೆ ತಕ್ಕ ಸ್ಪ್ರಿಂಗ್ ಹಾಕಿಸಿ, ಶಿಮ್‌ಗಳ ಜೋಡಣೆ ಬದಲಿಸಿದರೆ ಹೊಸ ಸೆಟ್ಟಿನ ಬೆಲೆಯ ಸಣ್ಣ ಪಾಲಿನಲ್ಲಿ ಬೇರೆಯೇ ಗಾಡಿ ಸಿಗುತ್ತದೆ. ಎಣ್ಣೆ ಹಳಸಿದ ಶಾಕನ್ನು ಕೆಟ್ಟ ಶಾಕ್ ಎಂದು ತಿಳಿದು ಮಾರಿದವರೂ ಇದ್ದಾರೆ. ಅಗ್ಗದ ಕೆಲವು ಗಾಡಿಗಳಲ್ಲಿ ಮಾತ್ರ ಶಾಕ್ ಬಿಚ್ಚಲಾಗದಂತೆ ಬೆಸೆದಿರುತ್ತಾರೆ, ಅಲ್ಲಿ ಬದಲಾಯಿಸುವುದೊಂದೇ ದಾರಿ.

ಹಳೆಯ ಗಾಡಿ ಎಂಬ ಕಾರಣಕ್ಕೂ ಕೈಚೆಲ್ಲಬೇಕಿಲ್ಲ. ಹೋಂಡಾ ತನ್ನ ಟಿಆರ್‌ಎಕ್ಸ್450ಆರ್ ತಯಾರಿಯನ್ನು 2014ಕ್ಕೆ ನಿಲ್ಲಿಸಿತು. ಅದಾದ ಎಷ್ಟೋ ವರ್ಷಗಳ ಮೇಲೂ ಜೋಯಲ್ ಹೆಟ್ರಿಕ್ ಅದೇ ಹೋಂಡಾದಲ್ಲಿ ಅಮೆರಿಕದ ಎಟಿವಿ ಮೋಟೊಕ್ರಾಸ್ ಪ್ರಶಸ್ತಿ ಗೆದ್ದರು. ಹೊರಗಿನ ಕಂಪನಿಗಳ ಆರ್ಮ್, ಆಕ್ಸಲ್, ಶಾಕ್ ಇಲ್ಲದೆ ಅದು ಆಗುತ್ತಿರಲಿಲ್ಲ.

ಸೆಕೆಂಡ್ ಹ್ಯಾಂಡ್ ಸೆಟ್ ಕೊಳ್ಳುವವರು ಎರಡು ತುದಿಯ ಬೋಲ್ಟ್ ರಂಧ್ರಗಳ ನಡುವಿನ ಅಂತರವನ್ನು ಮೊದಲು ಅಳೆಯಬೇಕು, ಆಮೇಲೆ ಸ್ಪ್ರಿಂಗಿನ ಮೇಲೆ ಅಚ್ಚಾಗಿರುವ ಸಂಖ್ಯೆ ಓದಿ ಹಿಂದಿನ ಸವಾರನ ತೂಕ ವಿಚಾರಿಸಬೇಕು. ದಂಡದ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ ಬೆಲೆ ಎಷ್ಟೇ ಇಳಿದಿದ್ದರೂ ಬಿಟ್ಟು ಬರುವುದು ಮೇಲು, ಅದು ಹೊಸ ಸೀಲನ್ನೂ ಕೊಯ್ದುಹಾಕುತ್ತದೆ. ಹಾಕಿಸಿದ ಮೇಲೆ ದಂಡಕ್ಕೊಂದು ಒ-ರಿಂಗ್ ತೊಡಿಸಿ, ಒಂದೇ ಸುತ್ತನ್ನು ಮತ್ತೆ ಮತ್ತೆ ಓಡಿಸಿ ನೋಡುತ್ತಾರೆ. ಟ್ರ್ಯಾಕಿನ ಅತಿ ದೊಡ್ಡ ಏಟಿಗೆ ರಿಂಗ್ ತಳದ ಹತ್ತಿರ ಬಂದು ನಿಲ್ಲಬೇಕು. ಅರ್ಧದಲ್ಲೇ ನಿಂತರೆ ಕಂಪ್ರೆಷನ್ನನ್ನು ಎರಡು ಕ್ಲಿಕ್ ಸಡಿಲಿಸಿ, ಇನ್ನೇನನ್ನೂ ಮುಟ್ಟದೆ, ಮತ್ತೆ ಅದೇ ಸುತ್ತು.