ಧಾತು–ಈಶ್ವರ ಸಂವತ್ಸರಗಳ ಕ್ಷಾಮಕ್ಕೆ ಕಾರಣಗಳು

ಕ್ಷಾಮವು ದೈವಕೋಪದಿಂದ ಬರುವುದೆಂದು ಗ್ರಾಮಗಳಲ್ಲಿ ಅನೇಕರು ನಂಬಿರುವರು. ಮಳೆಯು ಮನುಷ್ಯನ ಕೈಯಲ್ಲಿಲ್ಲವೆಂಬುದು ದಿಟವೇ. ಆದರೆ ಅನಾವೃಷ್ಟಿಯೇ ಬೇರೆ, ಜನರು ಹಸಿದು ಸಾಯುವುದೇ ಬೇರೆ. ಒಂದರಿಂದ ಮತ್ತೊಂದು ಉಂಟಾಗುವ ಬಗೆಯನ್ನು 1876–78ರ ಮಹಾಕ್ಷಾಮದಿಂದ ತಿಳಿಯಬಹುದು.

ಆಗ ಮೈಸೂರು ಸೀಮೆಯ ಆಡಳಿತವು ಬ್ರಿಟಿಷ್ ಕಮಿಷನರುಗಳ ವಶದಲ್ಲಿದ್ದಿತು. 1875ರಲ್ಲಿ ಮಳೆಯು ಕಡಿಮೆಯಾಗಿ, 1876ರಲ್ಲಿ ಪೈರುಗಳು ಪೂರ್ತಿಯಾಗಿ ಕೆಟ್ಟುವು. ಧಾನ್ಯದ ಬೆಲೆಯು ಏರಿತು. ಹೊಲದ ಕೆಲಸ ನಿಂತುದರಿಂದ ಕೂಲಿಯವರ ಕೈಯಲ್ಲಿ ಕಾಸಿಲ್ಲದಂತಾಯಿತು. ವೈಸರಾಯ್ ಲಾರ್ಡ್ ಲಿಟನ್ನರ ಸರ್ಕಾರವು ಧಾನ್ಯದ ವ್ಯಾಪಾರದಲ್ಲಿ ಕೈಹಾಕಬಾರದೆಂಬ ನೀತಿಯನ್ನೇ ಹಿಡಿಯಿತು. ಅದೇ ಕಾಲದಲ್ಲಿ ಇಂಡಿಯಾದ ಗೋಧಿಯು ಇಂಗ್ಲೆಂಡಿಗೆ ರವಾನೆಯಾಗುತ್ತಿದ್ದಿತು. 1877ರ ಆರಂಭದಲ್ಲಿ ನೆರೆಯ ಮದ್ರಾಸು ಆಧಿಪತ್ಯದ ಕ್ಷಾಮಕಾಮಗಾರಿಗಳಲ್ಲಿ ಗಂಡಾಳಿನ ದಿನಗೂಲಿಯನ್ನು 1 ರಾತ್ಲು ಧಾನ್ಯದ ಬೆಲೆ ಮತ್ತು ಸ್ವಲ್ಪ ಕಾಸಿಗೆ ಇಳಿಸಲಾಯಿತು.

ಮೈಸೂರು ಸೀಮೆಗೆ ಆಗ ಇದ್ದುದು ಜೋಲಾರಪೇಟೆಯಿಂದ ಬೆಂಗಳೂರಿಗೆ ಬರುವ ಒಂದೇ ರೈಲುಮಾರ್ಗ. ಧಾನ್ಯವು ಬೆಂಗಳೂರನ್ನು ಸೇರಿದರೂ ಮುಂದಿನ ಹೋಬಳಿಗಳಿಗೆ ಗಾಡಿಗಳಲ್ಲಿಯೇ ಹೋಗಬೇಕಾಗಿದ್ದಿತು. ಮೇವು ನೀರುಗಳಿಲ್ಲದೆ ಎತ್ತುಗಳು ಸತ್ತಿದ್ದುವು. ಹೀಗೆ ಪಟ್ಟಣದಲ್ಲಿ ಧಾನ್ಯವಿದ್ದಾಗಲೂ ಹಳ್ಳಿಯಲ್ಲಿ ಹೆಣಗಳು ಬಿದ್ದುವು.

1871ರ ಖಾನೇಷುಮಾರಿಯಲ್ಲಿ 50 ಲಕ್ಷ 55 ಸಾವಿರವಿದ್ದ ಜನಸಂಖ್ಯೆಯು 1881ರಲ್ಲಿ 41 ಲಕ್ಷ 86 ಸಾವಿರಕ್ಕೆ ಇಳಿದಿದ್ದಿತು. ಬೆಂಗಳೂರಿನ ಚಾಮರಾಜಪೇಟೆಯು ಯಾರ ಹೆಸರನ್ನು ಹೊತ್ತಿದೆಯೋ ಆ ಚಾಮರಾಜೇಂದ್ರ ಒಡೆಯರಿಗೆ 1881ರಲ್ಲಿ ರಾಜ್ಯವು ಮರಳಿ ಬಂದಾಗ ಬೊಕ್ಕಸವು ಬರಿದಾಗಿದ್ದು, 80 ಲಕ್ಷ ರೂಪಾಯಿಗಳ ಸಾಲವು ಅದರೊಡನೆ ಬಂದಿತು.

ಆದುದರಿಂದ ಹಿಡುವಳಿದಾರರೂ ಗ್ರಾಮದ ಮುಖಂಡರೂ ಗಮನಿಸತಕ್ಕ ಅಂಶಗಳು ಇವು:

1. ಬೆಲೆಯೇರಿತೆಂದು ರಾಗಿಯನ್ನೆಲ್ಲಾ ಮಾರಬಾರದು. ಒಣನೆಲದ ಹಗೇವಿನಲ್ಲಿ ರಾಗಿಯು ಹಲವು ವರ್ಷಗಳವರೆಗೆ ಕೆಡದೆ ಇರುವುದು.

2. ಮೇವಿನ ಬಣವೆಯನ್ನೂ ಹಾಗೆಯೇ ಉಳಿಸತಕ್ಕದ್ದು. ಎತ್ತು ಸತ್ತರೆ ಗಾಡಿಯೂ ಇಲ್ಲ, ಮುಂದಿನ ಉಳುಮೆಯೂ ಇಲ್ಲ.

3. ಕೂಲಿ ನಿಂತೊಡನೆಯೇ ಮೇಲಿನ ಅಧಿಕಾರಿಗಳಿಗೆ ಬರೆದು ತಿಳಿಸಿ, ಕೆರೆಯ ಹೂಳೆತ್ತುವುದೇ ಮೊದಲಾದ ಕೆಲಸಗಳನ್ನು ಬೇಡತಕ್ಕದ್ದು. ಜನರು ಸೊರಗಿದ ಮೇಲೆ ಕೆಲಸ ಕೊಟ್ಟರೆ ಅವರು ಗುದ್ದಲಿಯನ್ನು ಎತ್ತಲಾರರು.

ಕ್ಷಾಮದ ಮೊದಲ ಗುರುತು ಬರಿದಾದ ಕಣಜವಲ್ಲ, ಕೂಲಿಯವನ ಬರಿಗೈ. ಅದನ್ನು ಮೊದಲು ಕಾಣತಕ್ಕವರು ಗ್ರಾಮದಲ್ಲಿಯೇ ಇರುವ ನೀವು.